ಕಾಲು ನೆನೆಯದ ಜಾಗದ ಅಳತೆ

ಸವುಳು-ಜವುಳು ಜಮೀನು ಅಭಿವೃದ್ಧಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಬರುವ ಸೋಮವಾರ ನಮ್ಮ ಕಚೇರಿಯ ಟ್ರ್ಯಾಕ್ಟರು ನಾಲೆಯ ತುದಿಯಲ್ಲಿರುವ ಆರು ಎಕರೆ ಹುಲ್ಲುಗಾವಲನ್ನು ಉತ್ತು ಹಾಕಬೇಕೆಂದು ತಾವು ಆದೇಶ ಮಾಡಿದ್ದೀರಿ. ಆದೇಶದಲ್ಲಿ ಹುಲ್ಲುಗಾವಲು ಎಂಬ ಮಾತಿಲ್ಲ. ‘ಸುಧಾರಣೆ ಪೂರ್ಣಗೊಂಡ ಪ್ರದೇಶದಲ್ಲಿ ಉಳಿದಿರುವ ಕಳೆ ಹೊದಿಕೆ’ ಎಂದಿದೆ. ಆ ಕಳೆಯನ್ನು ಹದಿನಾಲ್ಕು ವರ್ಷ ಒಂದೊಂದೇ ಬೇರು ನೆಟ್ಟು ಬೆಳೆಸಿದವಳು ನನ್ನ ಅಕ್ಕ. ಆ ಆದೇಶವನ್ನು ಮಡಚಿ, ಲಕೋಟೆಯೊಳಗಿಟ್ಟು, ಅಂಟು ಹಚ್ಚಿ, ಅವಳ ವಿಳಾಸ ಬರೆದು ಕಳಿಸಿದವನು ನಾನು, ತಮ್ಮ ರವಾನೆ ವಿಭಾಗದಲ್ಲಿ ಕೂರುವವನು. ಅಂಟು ಹಚ್ಚುವಾಗ ಕಾಗದ ಓದುವ ಅಭ್ಯಾಸ ನನಗಿಲ್ಲ. ವಿಳಾಸವನ್ನು ಮಾತ್ರ ಓದಲೇಬೇಕಾಗುತ್ತದೆ.

ಇದನ್ನು ಮೇಲೆ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ನನ್ನ ಮೇಜು ಮೆಟ್ಟಿಲ ಕೆಳಗಿದೆ. ಎರಡು ವರ್ಷದಿಂದ ತಾವು ನನಗೆ ಪರಿಚಯವಿರುವುದು ಬೂಟಿನ ಸದ್ದಾಗಿ. ಹತ್ತೂಕಾಲಿಗೆ ನನ್ನ ತಲೆಯ ಮೇಲಿಂದ ಏರಿಹೋಗುತ್ತೀರಿ, ಐದಕ್ಕೆ ಇಳಿಯುತ್ತೀರಿ. ಚೊಕ್ಕಟವಾದ, ಒಣಗಿದ ಸದ್ದು. ಅದನ್ನು ನಿಲ್ಲಿಸಿ ಮಾತನಾಡಿಸುವ ಧೈರ್ಯ ನನಗೆ ಬರಲಿಲ್ಲ. ಹಾಗಾದರೆ ಅಹವಾಲು ಬರೆದು ಕೊಡಬೇಕಿತ್ತು ಎನ್ನುತ್ತೀರಾ? ಬಂದ ಅಹವಾಲುಗಳಿಗೆ ನಂಬರು ಹಾಕಿ ಎಡಗಡೆಯ ಕಪಾಟಿನಲ್ಲಿ ಇಡುವವನೂ ನಾನೇ. ಆ ಕಪಾಟಿನ ಕೀಲಿಕೈ ನಾನು ಬರುವ ಮೊದಲೇ ಕಳೆದಿತ್ತು. ಬಾಗಿಲ ಮೇಲಿನ ಸಂದಿಯಿಂದ ಒಳಗೆ ತೂರಿಸುತ್ತೇವೆ. ಹೊರಗೆ ತೆಗೆಯಲು ಬರುವುದಿಲ್ಲ, ಯಾರೂ ತೆಗೆಯಲು ಬಂದದ್ದೂ ಇಲ್ಲ. ನನ್ನ ಅಕ್ಕನ ಹೆಸರಿನ ಎರಡು ಅಹವಾಲುಗಳು ಅಲ್ಲಿವೆ. ಮೂರನೆಯದಾಗಿ ನನ್ನದನ್ನೂ ನನ್ನ ಕೈಯಾರೆ ತೂರಿಸುವಷ್ಟು ವೈರಾಗ್ಯ ಇನ್ನೂ ಬಂದಿಲ್ಲವಾದ್ದರಿಂದ ಈ ಪತ್ರವನ್ನು ದಿನಪತ್ರಿಕೆಯವರಿಗೆ ಕೊಟ್ಟಿದ್ದೇನೆ.

ತಾವು ಕಳೆ ಎಂದದ್ದು ಏನು ಎಂಬುದರಿಂದ ಶುರುಮಾಡುತ್ತೇನೆ. ನಾಲೆಯ ತುದಿಯ ಎಂಟುನೂರು ಎಕರೆ ಹಾಳಾದದ್ದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ನಾಲೆಯ ಮೇಲುಭಾಗದ ರೈತರು ಹರಿಸಿದ ನೀರೆಲ್ಲ ನೆಲದೊಳಗಿಂದ ಇಳಿದು ಬಂದು ತುದಿಯಲ್ಲಿ ನಿಂತಿತು. ನಿಂತ ನೀರು ಮೇಲಕ್ಕೆ ಬರುವಾಗ ಬರಿಗೈಯಲ್ಲಿ ಬರಲಿಲ್ಲ, ಅಡಿಯ ಉಪ್ಪನ್ನೆಲ್ಲ ಹೊತ್ತು ತಂದಿತು. ಬಿಸಿಲಿಗೆ ನೀರು ಹಾರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ನೀರು ನಿಂತದ್ದು ಜವುಳು, ಉಪ್ಪು ಉಳಿದದ್ದು ಸವುಳು. ಹದಿನಾಲ್ಕು ವರ್ಷದ ಕೆಳಗೆ ಅಕ್ಕನ ಹೊಲ ಸುಣ್ಣ ಬಳಿದ ಗೋಡೆಯನ್ನು ಮಲಗಿಸಿಟ್ಟ ಹಾಗಿತ್ತು. ಮೇಲೆ ಬೆಳ್ಳಗೆ ಹಪ್ಪಳದಂಥ ಪದರ, ಕಾಲಿಟ್ಟರೆ ಅದರಡಿ ಕರಿ ಕೆಸರು. ಬಿತ್ತಿದ ಭತ್ತ ಮೂರು ಸಲ ಹಳದಿಯಾಗಿ ಸತ್ತಿತು. ನನ್ನ ಭಾವ ನೇಗಿಲು ಮಾರಿ ಪೇಟೆಯ ಮೂಲೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟರು. ಅಕ್ಕ ಹೊಲ ಬಿಡಲಿಲ್ಲ. ಬಿಡದೆ ಮಾಡುವುದಕ್ಕೇನೂ ಇರಲಿಲ್ಲ, ಸುಮ್ಮನೆ ಹೋಗಿ ಬದುವಿನ ಮೇಲೆ ಕೂರುತ್ತಿದ್ದಳು.

ಹಾಗೆ ಕೂತವಳಿಗೆ ಕಂಡದ್ದು ಇಷ್ಟೆ. ಅವಳ ಮುದಿ ಹಸು ಆ ಬಿಳಿ ಬಯಲಿನ ನಡುವೆ ಪ್ರತಿದಿನ ಒಂದೇ ಕಡೆಗೆ ಹೋಗಿ ಮೂತಿ ಇಡುತ್ತಿತ್ತು. ಹೋಗಿ ನೋಡಿದರೆ ಹಳೆಯ ಹಳ್ಳದ ದಂಡೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಒಂದು ಹಬ್ಬುವ ಹುಲ್ಲು. ಒರಟು, ಬೂದು ಹಸಿರು, ಎಲೆಯ ಮೇಲೆ ಉಪ್ಪಿನ ಬೆವರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಅದನ್ನು ಹಟದ ಹುಲ್ಲು ಎಂದಳು. ಬೇರು ಸಮೇತ ಕಿತ್ತು, ಹೊಲದಲ್ಲಿ ಮಣ್ಣಿನ ಬೋದು ಎತ್ತಿ, ಬೋದಿನ ನೆತ್ತಿಯ ಮೇಲೆ ಸಾಲಾಗಿ ನೆಟ್ಟಳು. ಯಾರಾದರೂ ಹಾಗೇ ಮಾಡುತ್ತಿದ್ದರು. ನೀರಿನಿಂದ ದೂರ ಎಂದರೆ ಎತ್ತರ ತಾನೆ? ಇಡೀ ನಾಟಿ ಹದಿನೈದು ದಿನದಲ್ಲಿ ಸುಟ್ಟುಹೋಯಿತು. ಆಗ ಅವಳು ನಾವ್ಯಾರೂ ಮಾಡದ ಕೆಲಸ ಮಾಡಿದಳು. ಬೋದಿನ ನೆತ್ತಿಯ ಮಣ್ಣನ್ನೂ ಪಕ್ಕೆಯ ಮಣ್ಣನ್ನೂ ಬೇರೆ ಬೇರೆಯಾಗಿ ನಾಲಿಗೆಯ ತುದಿಗೆ ಇಟ್ಟು ನೋಡಿದಳು. ಉಪ್ಪು ನೆತ್ತಿಗೆ ಹತ್ತಿ ಕೂರುತ್ತದೆ, ಪಕ್ಕೆಯಲ್ಲಿ ಕಮ್ಮಿ. ಮುಂದಿನ ವರ್ಷ ಪಕ್ಕೆಯಲ್ಲಿ ನೆಟ್ಟಳು, ಹತ್ತರಲ್ಲಿ ನಾಲ್ಕು ಉಳಿದವು. ಭಾವ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು: “ನಮ್ಮನೇಲಿ ಸಾರಿಗೆ ಉಪ್ಪು ಕಮ್ಮಿ ಆದ್ರೆ ನಮ್ಮೋಳು ಡಬ್ಬಿ ಮುಚ್ಚಳ ತೆಗಿಯಲ್ಲ ಕಣ್ರೀ, ಹೊಲಕ್ಕೆ ಹೋಗಿ ಬರ್ತಾಳೆ.”

ನಾನು ಆ ನಗುವವರಲ್ಲಿ ಒಬ್ಬ. ಹೇಳಿಬಿಡುವುದು ಒಳ್ಳೆಯದು, ನಾನು ಭೂಮಿಯನ್ನು ಪ್ರೀತಿಸಿದವನಲ್ಲ. ಎರಡು ವರ್ಷದ ಹಿಂದೆ ರವಾನೆಗೆ ಬರುವ ಮೊದಲು ಇಪ್ಪತ್ತನಾಲ್ಕು ವರ್ಷ ಕಚೇರಿಯ ಹಿಂಬದಿಯ ಕಟ್ಟಡದ ನಕ್ಷೆ ವಿಭಾಗದಲ್ಲಿ ಭೂಮಿಯನ್ನು ಬಿಳಿ ಹಾಳೆಯ ಮೇಲೆ ಕಂಡವನು. ಅಲ್ಲಿ ಅದು ಎಂದೂ ನಾರುವುದಿಲ್ಲ, ಕಾಲಿಗೆ ಅಂಟುವುದಿಲ್ಲ. ಅಕ್ಕನ ಹೊಲಕ್ಕೆ ವರ್ಷಕ್ಕೊಮ್ಮೆ ಹೋಗಿ ಬದುವಿನ ಮೇಲೆ ನಿಂತು, ಚೆನ್ನಾಗಿದೆ ಎಂದು ಬರುತ್ತಿದ್ದೆ. ಆರನೆಯ ವರ್ಷಕ್ಕೆ ಬಿಳಿ ಮಾಯವಾಗಿತ್ತು. ಬೇಲಿಯುದ್ದಕ್ಕೂ ಬೂದಿ ಬಣ್ಣದ ಉಪ್ಪಿನ ಗಿಡಗಳು, ನಡುವೆ ಹಟದ ಹುಲ್ಲು, ಎತ್ತರದ ಅಂಚಿನಲ್ಲಿ ಬೇರು ಆಳಕ್ಕೆ ಬಿಡುವ ಕುದುರೆ ಮೆಂತ್ಯದ ಮೇವು. ಉಪ್ಪಿನ ಗಿಡದ ಸೊಪ್ಪನ್ನೇ ತಿಂದರೆ ದನಕ್ಕೆ ಬಾಯಾರಿಕೆ, ಭೇದಿ. ಹಾಗಾಗಿ ಒಣಹುಲ್ಲಿನ ಜೊತೆ ಸ್ವಲ್ಪ, ಪಕ್ಕದಲ್ಲೇ ಸಿಹಿನೀರಿನ ತೊಟ್ಟಿ. ಒದ್ದೆಯಲ್ಲಿ ದನ ಬಿಟ್ಟರೆ ಗೊರಸು ನೆಲವನ್ನು ಕಲಸಿ ಹುಲ್ಲಿನ ಬುಡವನ್ನು ಉಸಿರುಗಟ್ಟಿಸುತ್ತದೆ. ಅದಕ್ಕೆ ಅವಳ ಹತ್ತಿರ ಒಂದು ಅಳತೆ ಇದೆ. ಬೆಳಿಗ್ಗೆ ಬೇಲಿಯ ಬಾಗಿಲಲ್ಲಿ ನಿಂತು ಬರಿಗಾಲಿನ ಹಿಮ್ಮಡಿಯನ್ನು ಒತ್ತಿ ತೆಗೆಯುತ್ತಾಳೆ, ಇಪ್ಪತ್ತು ಎಣಿಸುತ್ತಾಳೆ. ಹಿಮ್ಮಡಿಯ ಕುಳಿಯಲ್ಲಿ ನೀರು ಕೂಡಿದರೆ ಅವತ್ತು ಹನ್ನೊಂದು ದನಕ್ಕೂ ಕೊಟ್ಟಿಗೆಯೇ ಗತಿ. ಕುಳಿ ಒಣಗಿದ್ದರೆ ಬಾಗಿಲು ತೆಗೆಯುತ್ತಾಳೆ. ಹದಿನಾಲ್ಕು ವರ್ಷದಲ್ಲಿ ಈ ಅಳತೆ ತಪ್ಪಿದ್ದನ್ನು ನಾನು ಕೇಳಿಲ್ಲ. ಇದಕ್ಕೆ ಯಾರ ಸಹಿಯೂ ಬೇಕಿಲ್ಲ.

ಈಗ ನಮ್ಮ ಅಳತೆಗೆ ಬರುತ್ತೇನೆ. ನೆಲದಡಿಯ ನೀರು ಎಷ್ಟು ಆಳದಲ್ಲಿದೆ ಎಂದು ನೋಡಲು ತುದಿಯ ಎಂಟುನೂರು ಎಕರೆಯಲ್ಲಿ ನಮ್ಮ ಕಚೇರಿ ನಾಲ್ಕು ಕೊಳವೆ ಹೂಳಿತ್ತು. ಒಂದನ್ನು ಗಾಡಿ ಮುರಿಯಿತು, ಒಂದರೊಳಗೆ ಯಾರೋ ಕಲ್ಲು ತುಂಬಿದರು, ಒಂದರ ಮುಚ್ಚಳ ತುಕ್ಕು ಹಿಡಿದು ತೆರೆಯದಾಯಿತು. ಉಳಿದದ್ದು ನಾಲ್ಕನೆಯದು. ತಿಂಗಳಿಗೊಮ್ಮೆ ಅಳತೆಗಾರ ಬಂದು ಟೇಪಿನ ತುದಿಗೆ ಕಟ್ಟಿದ ಹಿತ್ತಾಳೆಯ ಬಟ್ಟಲನ್ನು ಕೊಳವೆಯೊಳಗೆ ಇಳಿಬಿಡುತ್ತಾನೆ. ನೀರು ತಾಗಿದಾಗ ‘ಗುಳುಕ್’ ಎನ್ನುತ್ತದೆ, ಆಗ ಟೇಪು ಓದಿ ಬರೆದುಕೊಳ್ಳುತ್ತಾನೆ. ಹೀಗಾಗಿ ಅವನಿಗೆ ಆ ಕಡೆಯಲ್ಲೆಲ್ಲ ಗುಳುಕ್ಕಣ್ಣ ಎಂದೇ ಹೆಸರು. ಐವತ್ತು ದಾಟಿದವನು, ಮೊಣಕಾಲು ನೋವಿನವನು, ಕೆಟ್ಟವನಲ್ಲ.

ನಾಲ್ಕನೆಯ ಕೊಳವೆ ಇದ್ದದ್ದು ಅಕ್ಕನ ಬೇಲಿಯಾಚೆಗಿನ ಕೆಸರಿನಲ್ಲಿ. ಮೂರು ವರ್ಷದ ಹಿಂದೆ ಒಂದು ದಿನ ಗುಳುಕ್ಕಣ್ಣ ಬೇಲಿಯ ಹತ್ತಿರ ಒಂದೇ ಚಪ್ಪಲಿಯಲ್ಲಿ ಬಂದು ನಿಂತ. ನಡೆದ ಮಾತನ್ನು ಅಕ್ಕ ಹೇಳಿದ ಹಾಗೆಯೇ ಬರೆಯುತ್ತೇನೆ.

“ಅಕ್ಕಾ, ಒಂದು ಉಪಕಾರ ಆಗಬೇಕಲ್ಲ.”

“ಏನಪ್ಪಾ? ಇನ್ನೊಂದು ಚಪ್ಪಲಿ ಎಲ್ಲಿ?”

“ಪಾತಾಳಕ್ಕೆ ಹೋಯ್ತು. ಆ ಕೊಳವೆ ಕಿತ್ತು ನಿಮ್ಮ ಹುಲ್ಲಲ್ಲಿ ಹಾಕ್ಕೋತೀನಿ. ಇಲ್ಲಿ ನಿಂತ್ರೆ ಕಾಲು ನೆನೆಯಲ್ಲ.”

“ನೀರು ಅಳೆಯೋಕೆ ಬಂದೋನು ನೀರಿಗೆ ಹೆದರಿದ್ರೆ ಹೇಗಪ್ಪಾ?”

“ನೀರಿಗಲ್ಲ ಅಕ್ಕಾ, ಕೆಸರಿಗೆ. ಆಫೀಸಿನೋರು ನಂಗೆ ಕೊಟ್ಟಿರೋದು ನೀರು ಅಳೆಯೋ ಟೇಪು. ಕೆಸರು ಅಳೆಯೋಕೆ ನನ್ನ ಕಾಲೇ ಆಗಬೇಕಾ?”

ಅಕ್ಕ ನಕ್ಕು, ಹಾಕ್ಕೋ ಎಂದಳು. ಅವಳ ಅಭಿಪ್ರಾಯದಲ್ಲಿ ಮನುಷ್ಯನ ಕಾಲು ಒಣಗಿರಬೇಕೆನ್ನುವುದು ನ್ಯಾಯವಾದ ಬೇಡಿಕೆ. ಹಳೆಯ ಜಾಗದಲ್ಲಿ ನಾಲ್ಕು ಎಂದು ಬಣ್ಣದಲ್ಲಿ ಬರೆದ ಮರದ ಗೂಟ ಮಾತ್ರ ಉಳಿಯಿತು. ಗುಳುಕ್ಕಣ್ಣ ಕಚೇರಿಗೆ ಬಂದು, ಅವನ ಮಟ್ಟಿಗೆ ಪ್ರಾಮಾಣಿಕವಾಗಿ, ನನ್ನ ಮೇಜಿನ ಮುಂದೆ ನಿಂತು ಕೇಳಿದ: “ನಕ್ಷೆ ಸಾರ್, ಕೊಳವೆ ಸ್ವಲ್ಪ ಜರುಗಿಸಿದ್ದೀನಿ. ಚುಕ್ಕೇನೂ ಜರುಗಿಸಬೇಕಾ?”

“ಎಷ್ಟು ದೂರ?”

“ನಲವತ್ತು ಹೆಜ್ಜೆ.”

ನಕ್ಷೆಯಲ್ಲಿ ಒಂದು ಚುಕ್ಕೆಯನ್ನು ಜರುಗಿಸಲು ಎಷ್ಟು ಅರ್ಜಿ, ಎಷ್ಟು ಸಹಿ, ಎಷ್ಟು ಸ್ಥಳಪರಿಶೀಲನೆ ಬೇಕೆಂದು ತಮಗೆ ಗೊತ್ತು. ನಮ್ಮ ನಕ್ಷೆಯಲ್ಲಿ ನಲವತ್ತು ಹೆಜ್ಜೆ ಎಂದರೆ ಮೂರು ಮಿಲಿಮೀಟರು. ಅವತ್ತು ಸೆಕೆ ಇತ್ತು, ಊಟದ ಹೊತ್ತಾಗಿತ್ತು. ನಾನು ಪೆನ್ನು ತೆಗೆದು ಚುಕ್ಕೆಯನ್ನು ಒಂದಿಷ್ಟು ದಪ್ಪ ಮಾಡಿದೆ.

“ಈಗ ಹಳೇದೂ ಒಳಗಿದೆ, ಹೊಸದೂ ಒಳಗಿದೆ,” ಎಂದೆ.

“ನಿಮ್ಮದು ದೊಡ್ಡ ಕೈ ಸಾರ್,” ಎಂದು ಅವನು ಹೋದ.

ನನ್ನ ವೃತ್ತಿಜೀವನದಲ್ಲಿ ನಾನು ಮಾಡಿದ ಅತ್ಯಂತ ಪರಿಣಾಮಕಾರಿ ಕೆಲಸ ಅದೇ ಎಂದು ಈಗ ತಿಳಿಯುತ್ತಿದೆ. ನೂರಾರು ನಕ್ಷೆ ಬರೆದೆ, ಅವುಗಳಿಂದ ಒಂದು ಹಿಡಿ ಮಣ್ಣೂ ಅಲುಗಲಿಲ್ಲ. ಒಂದು ಚುಕ್ಕೆಯನ್ನು ದಪ್ಪ ಮಾಡಿದೆ, ಎಂಟುನೂರು ಎಕರೆಯ ನೀರು ಕೆಳಗಿಳಿಯಿತು.

ಹೌದು, ಮಾನ್ಯರೇ, ಇಳಿಯಿತು. ಅದೇ ತಿಂಗಳು ತಮ್ಮ ಬಸಿಗಾಲುವೆಯ ಅಗೆತ ಮುಗಿದಿತ್ತು. ತುದಿಯ ನೀರನ್ನು ಹೊರಗೆ ಒಯ್ಯಬೇಕಾದ ಆ ಕಾಲುವೆಯ ಕೊನೆ ಅದರ ಮೊದಲಿಗಿಂತ ಒಂದು ಗೇಣು ಎತ್ತರದಲ್ಲಿದೆ ಎಂಬುದನ್ನು ಅಲ್ಲಿನ ಕಪ್ಪೆಗಳೂ ಬಲ್ಲವು. ಮಳೆ ಬಂದಾಗ ಅದರಲ್ಲಿ ನೀರು ಹಿಂದಕ್ಕೆ ಹರಿಯುತ್ತದೆ. ಆದರೂ ನಾಲ್ಕನೆಯ ಕೊಳವೆಯ ಲೆಕ್ಕದಲ್ಲಿ ಒಂದು ಅಡಿಯಲ್ಲಿದ್ದ ನೀರು ಒಂದೇ ತಿಂಗಳಲ್ಲಿ ಐದು ಅಡಿಗೆ ಹೋಯಿತು. ಅದೇ ಲೆಕ್ಕ ಉಲ್ಟಾ ಬಂದಿದ್ದರೆ ತಾವು ಮೂರು ತಂಡ ಕಳಿಸಿ ಮತ್ತೆ ಅಳೆಸುತ್ತಿದ್ದಿರಿ. ಒಳ್ಳೆಯ ಸುದ್ದಿಯನ್ನು ಯಾರು ತಾನೆ ಮರು ಅಳತೆ ಮಾಡುತ್ತಾರೆ? ವರದಿ ಬಂತು. ತಮ್ಮ ಕೋಣೆಯ ಗೋಡೆಯ ಮೇಲೆ ಇಳಿಯುವ ಗೆರೆಯ ಚಿತ್ರ ಬಂತು. ಕಳೆದ ವರ್ಷ ಮೇಲಿನವರಿಂದ ಮೆಚ್ಚುಗೆಯ ಫಲಕ ಬಂತು. ಅದನ್ನು ಕಟ್ಟಿದ್ದ ರಟ್ಟಿನ ಪೆಟ್ಟಿಗೆ ನನ್ನ ಮೇಜಿನಡಿಗೆ ಬಂತು, ಈಗಲೂ ಇದೆ, ಮಧ್ಯಾಹ್ನ ಕಾಲಿಡಲು ಅನುಕೂಲವಾಗಿದೆ.

ಆ ಐದು ಅಡಿ ಯಾರ ಕೆಲಸ? ಹದಿನಾಲ್ಕು ವರ್ಷದಿಂದ ಹಗಲೆಲ್ಲ ನೆಲದ ನೀರನ್ನು ಕುಡಿಯುತ್ತಿರುವ ಬೇರುಗಳದ್ದು. ಬಿಸಿಲು ನೇರ ಮಣ್ಣಿಗೆ ಬೀಳದಂತೆ ಮುಚ್ಚಿದ ಎಲೆಗಳದ್ದು. ತಾವು ಕಿತ್ತು ಹಾಕಲು ಹೊರಟಿರುವ ಕಳೆಯದ್ದು. ಎಂಟುನೂರು ಎಕರೆಯಲ್ಲಿ ನಿಂತು ಅಳೆಯಲು ಒಣಗಿದ್ದ ಜಾಗ ಅದೊಂದೇ. ಆದ್ದರಿಂದ ನಮ್ಮ ಕಚೇರಿ ಅಲ್ಲಿ ನಿಂತು ಅಳೆಯಿತು, ಮತ್ತು ಎಲ್ಲ ಕಡೆಯೂ ಒಣಗಿದೆ ಎಂದು ತೀರ್ಮಾನಿಸಿತು. ಹುಷಾರಾದವನೊಬ್ಬನ ಮೈ ಮುಟ್ಟಿ ನೋಡಿ ಆಸ್ಪತ್ರೆಯನ್ನೇ ಖಾಲಿ ಮಾಡಿಸುವ ವೈದ್ಯನನ್ನು ತಾವು ಕಂಡಿದ್ದೀರಾ? ಖಾಲಿ ಮಾಡಿಸಿದ್ದಲ್ಲದೆ, ಹುಷಾರಾದವನ ಔಷಧವನ್ನೂ ಕಸವೆಂದು ಕಿಟಕಿಯಾಚೆ ಎಸೆಯುವವನನ್ನು?

ಮುಂದಿನದು ತಮಗೆ ಗೊತ್ತಿದೆ, ಓದುವವರಿಗೆ ಗೊತ್ತಿಲ್ಲ. ಜಮೀನು ಸುಧಾರಿಸಿತು ಎಂದಾದ ಮೇಲೆ ಏಳು ವರ್ಷದಿಂದ ಮುಚ್ಚಿದ್ದ ತುದಿಯ ತೂಬನ್ನು ತೆರೆಯಲು ತಾವು ಹೇಳಿದಿರಿ. ಆಗಲೇ ನೆಂದಿರುವ ನೆಲಕ್ಕೆ ಮತ್ತೆ ನೀರು. ಜೊತೆಗೆ, ಅತಿ ಹೆಚ್ಚು ಸುಧಾರಿಸಿದ ಜಾಗ ಯಾವುದು? ನಾಲ್ಕನೆಯ ಕೊಳವೆಯ ಸುತ್ತಲಿನದು. ಹಾಗಾಗಿ ಭತ್ತದ ಮಾದರಿ ತಾಕು ಅಲ್ಲೇ ಆಗಬೇಕು. ಕಾಲುವೆ ಅಗೆಯುವಾಗ ಎಲ್ಲರಿಂದ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದ ಎಂಟನೆಯ ಕಲಮಿನಂತೆ ಅದಕ್ಕೆ ಅಕ್ಕನ ಒಪ್ಪಿಗೆ ಮೊದಲೇ ಇದೆಯಂತೆ. ಅವಳು ತಾನೇ ಹುಲ್ಲು ತೆಗೆದರೆ ಸರಿ, ಇಲ್ಲವಾದರೆ ‘ಕಚೇರಿಯ ಯಂತ್ರದಿಂದ, ಯಾವುದೇ ಶುಲ್ಕವಿಲ್ಲದೆ’ ತೆಗೆಯಲಾಗುವುದು. ತಮ್ಮ ಔದಾರ್ಯವನ್ನು ನಾನೇ ಲಕೋಟೆಗೆ ಹಾಕಿದೆ.

ಲಕೋಟೆ ಕಳಿಸಿದ ನಂತರದ ಭಾನುವಾರ ಗುಳುಕ್ಕಣ್ಣನನ್ನು ಕರೆದುಕೊಂಡು ಅಕ್ಕನ ಹೊಲಕ್ಕೆ ಹೋದೆ. ಅವನಿಗೆ ಬರಲು ಮನಸ್ಸಿರಲಿಲ್ಲ. ಬೇಲಿಯೊಳಗಿನ ಕೊಳವೆಗೆ ಬಟ್ಟಲು ಬಿಟ್ಟ. ಐದು ಅಡಿ ಎರಡು ಅಂಗುಲಕ್ಕೆ ಗುಳುಕ್. ಅಕ್ಕ ಹಾರೆ ತಂದಳು. ಮೂವರೂ ಬೇಲಿ ದಾಟಿ ನಾಲ್ಕು ಎಂದು ಬರೆದ ಗೂಟದ ಹತ್ತಿರಕ್ಕೆ ಹೋದೆವು. ಹೋದೆವು ಎಂದರೆ ಅಕ್ಕ ಹೋದಳು, ನಾವು ಮುಳುಗುತ್ತ ಏಳುತ್ತ ಹಿಂಬಾಲಿಸಿದೆವು. ಅವಳು ಹಾರೆಯಿಂದ ಮೊಳದಷ್ಟು ಆಳದ ಕುಳಿ ತೋಡಿ ದೂರ ಸರಿದು ನಿಂತಳು. ಮೂವರೂ ಕುಳಿ ನೋಡುತ್ತ ನಿಂತೆವು. ಪಕ್ಕೆಗಳು ಬೆವರಿದವು, ಆಮೇಲೆ ಅಡಿಯಲ್ಲಿ ಆಕಾಶದ ಒಂದು ಚೂರು ಕಾಣಿಸಿಕೊಂಡು ಮೇಲೆ ಮೇಲೆ ಬಂದು ಗೇಣು ಕೆಳಗೆ ನಿಂತಿತು.

“ಬಿಡಪ್ಪಾ ನಿನ್ನ ಬಟ್ಟಲು,” ಎಂದಳು ಅಕ್ಕ.

“ಬಟ್ಟಲು ಯಾಕಕ್ಕಾ, ಬೆರಳು ಸಾಕು,” ಎಂದ ಗುಳುಕ್ಕಣ್ಣ. ಅವನ ಮುಖ ಇಳಿದಿತ್ತು. ನನ್ನ ಕಡೆ ತಿರುಗಿದ. “ಸಾರ್, ಇದನ್ನ ಎಲ್ಲಿ ಬರೀಲಿ? ಪುಸ್ತಕದಲ್ಲಿ ಈ ಕುಳಿಗೆ ನಂಬರಿಲ್ಲ.”

“ನಾಲ್ಕು ಅಂತ ಗೂಟದ ಮೇಲೇ ಇದೆಯಲ್ಲೋ.”

“ನಾಲ್ಕು ಅಲ್ಲಿದೆಯಲ್ಲ ಸಾರ್, ಒಣಗಿರೋ ಕಡೆ. ನೀವೇ ತಾನೆ ಎರಡೂ ಒಳಗಿದೆ ಅಂದಿದ್ದು?”

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. ಹೇಳಬೇಕಾಯಿತು. ಕೆಸರಿನಲ್ಲಿ ಮೊಣಕಾಲವರೆಗೆ ಹೂತು ನಿಂತವನಿಗೆ ಮಾತು ತಿರುಚಲು ಜಾಗವಿರುವುದಿಲ್ಲ. ಚುಕ್ಕೆಯ ಕಥೆಯನ್ನು ಪೂರ್ತಿ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಿದ್ದರೆ ಚೆನ್ನಾಗಿರುತ್ತಿತ್ತು.

“ಚಿಕ್ಕೋನಿದ್ದಾಗಲೂ ನೀನು ಹಿಂಗೇ ಕಣೋ,” ಎಂದಳು. “ಸ್ಲೇಟಿನ ಮೇಲೆ ತಪ್ಪು ಬರೆದ್ರೆ ಅಳಿಸ್ತಿರಲಿಲ್ಲ. ಅದ್ರ ಮೇಲೇ ದಪ್ಪಕ್ಕೆ ಬರೀತಿದ್ದೆ.”

ಹಾರೆಯ ಕೆಸರು ಒರೆಸುತ್ತ ಕೇಳಿದಳು: “ಅವರು ಉತ್ತರೆ ಏನಾಗುತ್ತೆ ಅಂತ ನಿಂಗೆ ಗೊತ್ತಾ?”

“ಹುಲ್ಲು ಹೋಗುತ್ತೆ.”

“ಹುಲ್ಲು ಹೋಗೋದು ಒಂದು ದಿನದ ಕೆಲಸ. ಉಪ್ಪು ಎಲ್ಲೂ ಹೋಗಿಲ್ಲ ಕಣೋ, ಕೆಳಗೆ ಕೂತಿದೆ. ಹುಲ್ಲು ಎದ್ದರೆ ಅದೂ ಏಳುತ್ತೆ. ಎರಡನೇ ವರ್ಷಕ್ಕೆ ಮತ್ತೆ ಸುಣ್ಣದ ಗೋಡೆ. ನಂಗೆ ಈಗ ಐವತ್ತೆಂಟು. ಇನ್ನೊಂದು ಹದಿನಾಲ್ಕು ವರ್ಷ ನನ್ನ ಹತ್ರ ಇಲ್ಲ.”

ಇಷ್ಟೇ, ಮಾನ್ಯರೇ. ತಮ್ಮ ಫೈಲಿನಲ್ಲಿ ಇಲ್ಲದ ಸಂಗತಿ ಇದೊಂದೇ. ಆರು ಎಕರೆಯನ್ನು ತಾವು ಮತ್ತೆ ಅವಳಿಗೆ ಕೊಡಬಹುದು, ಹುಲ್ಲಿನ ಬೇರನ್ನೂ ಕೊಡಬಹುದು, ಹದಿನಾಲ್ಕು ವರ್ಷವನ್ನು ಯಾವ ಕಲಮಿನಡಿ ಕೊಡುತ್ತೀರಿ?

ಮರುದಿನ, ಈ ಸೋಮವಾರ, ನಾನು ಮೇಲ್ವಿಚಾರಕರ ಬಳಿ ಹೋದೆ. ನಿಯಮದಂತೆ ನಡೆದುಕೊಂಡೆ ಎಂದು ತಮಗೆ ತಿಳಿದಿರಲಿ. ಅವರು ಕನ್ನಡಕ ಹಣೆಗೇರಿಸಿ ಪೂರ್ತಿ ಕೇಳಿಸಿಕೊಂಡರು.

“ಹಾಗಾದ್ರೆ ಮೂರು ವರ್ಷದ ವರದಿ ಸುಳ್ಳು ಅಂತೀರಾ?”

“ಸುಳ್ಳಲ್ಲ ಸಾರ್, ನಿಜವೇ. ಆರು ಎಕರೆಗೆ ನಿಜ.”

“ಉಳಿದಿದ್ದಕ್ಕೆ?”

“ಅಲ್ಲಿ ಯಾರೂ ಅಳೆದಿಲ್ಲ.”

“ಅಳೆದೇ ಇಲ್ಲ ಅಂದಮೇಲೆ ತಪ್ಪಾಗಿದೆ ಅಂತ ಹೇಗ್ರೀ ಹೇಳ್ತೀರಿ?” ಎಂದು ಅವರು ನಿಜವಾಗಿಯೂ ಗೊತ್ತಾಗದೆ ಕೇಳಿದರು. ಆಮೇಲೆ ದನಿ ತಗ್ಗಿಸಿದರು. “ನೋಡಿ, ನಿಮ್ಮ ನಿವೃತ್ತಿಗೆ ಇನ್ನು ಎಂಟು ವರ್ಷ. ಆ ಚುಕ್ಕೆ ಯಾರು ದಪ್ಪ ಮಾಡಿದ್ದು ಅಂತ ಶುರುವಾದ್ರೆ ಎಲ್ಲಿಗೆ ಹೋಗಿ ನಿಲ್ಲುತ್ತೆ, ಯೋಚಿಸಿ. ಹೋಗ್ರಿ, ಟೀ ಕುಡೀರಿ.”

ಟೀ ಕುಡಿದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ. ಕುಡಿಯುತ್ತ ಯೋಚಿಸಿದೆ. ನಮ್ಮ ಕಚೇರಿಯಲ್ಲಿ ಯಾರೂ ಸುಳ್ಳು ಹೇಳಿಲ್ಲ. ಗುಳುಕ್ಕಣ್ಣ ಕಂಡದ್ದನ್ನು ಬರೆದ. ನಾನು ಇದ್ದದ್ದನ್ನು ಒಳಗೆ ಸೇರಿಸಿದೆ. ಲೆಕ್ಕದವರು ಕೊಟ್ಟ ಅಂಕಿಯನ್ನು ಕೂಡಿಸಿದರು. ತಾವು ಬಂದ ವರದಿಗೆ ಸಹಿ ಹಾಕಿದಿರಿ. ಪ್ರತಿಯೊಬ್ಬರೂ ತಮ್ಮ ಕಾಲು ನೆನೆಯದ ಜಾಗದಲ್ಲಿ ನಿಂತು, ಅಲ್ಲಿಂದ ಕೈಚಾಚಿ ಎಷ್ಟು ಸಿಕ್ಕಿತೋ ಅಷ್ಟನ್ನು ಅಳೆದೆವು. ಇಷ್ಟು ಜನ ಪ್ರಾಮಾಣಿಕರು ಸೇರಿ ಇಷ್ಟು ದೊಡ್ಡ ಅನ್ಯಾಯವನ್ನು ಇಷ್ಟು ಚೊಕ್ಕಟವಾಗಿ ಮಾಡಬಹುದು ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಸಿಟ್ಟು ಬಂದದ್ದು ಆಗ. ತಮ್ಮ ಮೇಲೆ ಬಂದ ಸಿಟ್ಟಿಗೂ ನನ್ನ ಮೇಲೆ ಬಂದದ್ದಕ್ಕೂ ನಡುವೆ ಬೇಲಿ ಹಾಕಲು ನೋಡಿದೆ, ಆಗಲಿಲ್ಲ. ಆದರೆ ನನ್ನ ಪಾಲನ್ನು ನಾನು ಹೊತ್ತೆ ಎಂದು ತಮ್ಮ ಪಾಲು ಹಗುರವಾಗುವುದಿಲ್ಲ. ನಾನು ಚುಕ್ಕೆ ದಪ್ಪ ಮಾಡಿದವನು. ತಾವು ಅದರ ಮೇಲೆ ನೀರು ಬಿಟ್ಟವರು. ಐದು ವರ್ಷದಲ್ಲಿ ಒಮ್ಮೆ, ಒಂದೇ ಒಂದು ಸಲ, ನಾಲೆಯ ತುದಿಯವರೆಗೆ ನಡೆದು ಬರುವುದನ್ನು ತಮ್ಮ ಹುದ್ದೆ ಎಲ್ಲಿ ನಿಷೇಧಿಸಿದೆ? ಜೀಪು ಟಾರು ಮುಗಿಯುವಲ್ಲಿ ನಿಂತಿತು, ತಾವು ಗಾಜು ಇಳಿಸಿ ನೋಡಿದಿರಿ, ಹಸಿರು ಕಂಡಿತು, ಸುಧಾರಿಸಿದೆ ಎಂದು ಹಿಂದಿರುಗಿದಿರಿ. ತಮಗೆ ಕಂಡ ಹಸಿರು ಯಾವುದೆಂದು ಈಗ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ವರದಿಯಲ್ಲಿ ತಮ್ಮ ಸಾಧನೆ ಎಂದು ತೋರಿಸಿದ್ದೂ ಅದೇ ಹುಲ್ಲು, ಆದೇಶದಲ್ಲಿ ಕಳೆ ಎಂದು ಕೀಳಿಸುತ್ತಿರುವುದೂ ಅದೇ ಹುಲ್ಲು.

ನನ್ನ ಬೇಡಿಕೆ ದೊಡ್ಡದಲ್ಲ. ಅಕ್ಕನ ಜಮೀನಿನ ಮೇಲಿನ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಹಿಂದಕ್ಕೆ ಪಡೆಯುವ ಕಾಗದದಲ್ಲಿ ಕಳೆ ಎಂಬ ಮಾತನ್ನು ಹೊಡೆದು ಹಾಕಿ ಬೆಳೆ ಎಂದು ಬರೆಯಿರಿ, ಏಕೆಂದರೆ ಮುಂದೆ ಬರುವ ಅಧಿಕಾರಿಯೂ ಓದುವುದು ಅದನ್ನೇ. ತುದಿಯ ತೂಬನ್ನು ಮುಚ್ಚಿಸಿ. ನಾಲ್ಕನೆಯ ಕೊಳವೆಯನ್ನು ಅದರ ಗೂಟದ ಹತ್ತಿರ ಮತ್ತೆ ಹೂಳಿಸಿ, ಗುಳುಕ್ಕಣ್ಣನಿಗೆ ಮೊಣಕಾಲುದ್ದದ ರಬ್ಬರ್ ಬೂಟು ಕೊಡಿಸಿ. ಎಂಟುನೂರು ಎಕರೆಯ ಸತ್ಯ ಇಷ್ಟು ವರ್ಷ ಒಂದು ಜೊತೆ ಬೂಟಿಗಾಗಿ ಕಾದಿತ್ತು. ಆಮೇಲೆ ಬರುವ ಅಂಕಿ ತಮ್ಮ ಗೋಡೆಯ ಗೆರೆಯನ್ನು ಎಲ್ಲಿಗೆ ಒಯ್ಯುತ್ತದೋ ಒಯ್ಯಲಿ. ಅಕ್ಕಪಕ್ಕದ ಹೊಲದವರು ಈಗಾಗಲೇ ಅಕ್ಕನ ಹತ್ತಿರ ಬೇರು ಕೇಳಲು ಬರುತ್ತಿದ್ದಾರೆ, ಅವರಿಗೆ ಬೋದಿನ ಪಕ್ಕೆಯಲ್ಲಿ ನೆಡಿ ಎಂದು ಹೇಳಲು ಅವಳೊಬ್ಬಳು ಸಾಕು. ನಮ್ಮ ಕಚೇರಿ ಅಡ್ಡ ಬರದಿದ್ದರೆ ಅದೇ ದೊಡ್ಡ ಯೋಜನೆ.

ಇನ್ನೊಂದು ವಿಷಯ. ಇದು ಬೇಡಿಕೆಯಲ್ಲ, ಮಾಹಿತಿ. ಟ್ರ್ಯಾಕ್ಟರನ್ನು ಸೋಮವಾರ ಕಳಿಸಬೇಕೆಂದು ಯಂತ್ರಗಳ ಶೆಡ್ಡಿಗೆ ತಾವು ಬರೆದ ಪತ್ರ ಬುಧವಾರ ನನ್ನ ಮೇಜಿಗೆ ಬಂತು. ಆ ಕಾಗದ ತಲುಪದೆ ಶೆಡ್ಡಿನವರು ಗಾಡಿಗೆ ಡೀಸೆಲ್ ಹಾಕುವುದಿಲ್ಲ. ಈ ಸಲ ಅಂಟು ಹಚ್ಚುವ ಮೊದಲೇ ಓದಿದೆ. ಅಂಟು ಹಚ್ಚಲಿಲ್ಲ. ಹರಿದೂ ಹಾಕಿಲ್ಲ, ಕಚೇರಿಯ ಕಾಗದವನ್ನು ಹರಿಯುವವನಲ್ಲ ನಾನು. ಇನ್ನೊಂದು ಪ್ರತಿ ತೆಗೆದು ಸಹಿ ಹಾಕುವುದು ತಮಗೆ ಎರಡು ನಿಮಿಷದ ಕೆಲಸ ಎಂದೂ ಬಲ್ಲೆ. ಹಾಕಿ. ಆದರೆ ಮೊದಲಿನದು ಎಲ್ಲಿದೆ ಎಂದು ಇದನ್ನು ಓದಿದವರೆಲ್ಲರಿಗೂ ಗೊತ್ತಿರುತ್ತದೆ. ಅದನ್ನು ಬಿಟ್ಟು ಎರಡನೆಯದಕ್ಕೆ ಸಹಿ ಹಾಕಿದರೆ ಯಾತಕ್ಕೆ ಹೆದರಿದಿರಿ ಎಂಬುದೂ ಗೊತ್ತಾಗುತ್ತದೆ.

ಅದು ನೀರು ತಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿದೆ. ನಾಲ್ಕು ಎಂದು ಬರೆದ ಗೂಟಕ್ಕೆ ಕಟ್ಟಿ ಬಂದಿದ್ದೇನೆ. ಅಕ್ಕನ ಹುಲ್ಲಿನಲ್ಲಿರುವ ಕೊಳವೆಯಿಂದ ನಲವತ್ತು ಹೆಜ್ಜೆ. ಬೇಲಿಯ ಬಾಗಿಲಲ್ಲಿ ಅವಳು ನಿಂತಿರುತ್ತಾಳೆ, ದಾರಿ ತೋರಿಸುತ್ತಾಳೆ. ಮೊದಲು ಒಳಗಡೆ ಒಮ್ಮೆ ಹಿಮ್ಮಡಿ ಒತ್ತಿ, ಇಪ್ಪತ್ತು ಎಣಿಸಿ, ನೋಡಿ. ಆಮೇಲೆ ಹೊರಗಡೆ ಹೋಗಿ ತಮ್ಮ ಕಾಗದ ತೆಗೆದುಕೊಳ್ಳಿ.

ಬೂಟು ಕಳಚಿ ಬನ್ನಿ. ಕಾಯಲು ನಾನು ಇರುತ್ತೇನೆ, ಆ ಹೊತ್ತಿಗೆ ನನಗೆ ಬೇರೆ ಕೆಲಸ ಇರಲಾರದು.

ಇಂತಿ,
ಚುಕ್ಕೆಯನ್ನು ದಪ್ಪ ಮಾಡಿದ ಕೈ,
ತಮ್ಮ ಮೆಟ್ಟಿಲ ಕೆಳಗಿಂದ